ಎರಡು ಅಲುಗಾಟಗಳ ನಡುವಿನ ಮುಖ

ನಿಮ್ಮ ಮನೆಯ ಹಿರಿಯರೊಬ್ಬರು ತೀರಿಕೊಂಡ ದಿನ ಬಿಳಿಯ ಸೇವಂತಿಗೆಗಳ ನಡುವೆ ಇಟ್ಟಿದ್ದ ಚಿತ್ರದ ಮುಂದೆ ನೀವು ಅಡ್ಡಬಿದ್ದಿರಲ್ಲ, ಆ ಮುಖ ಯಾರದೆಂದು ಒಮ್ಮೆಯಾದರೂ ನಿಮ್ಮನ್ನು ನೀವು ಕೇಳಿಕೊಂಡಿರಾ?

ಹೆಸರು ಚೌಕಟ್ಟಿನ ಕೆಳಗೆ ಬರೆದೇ ಇರುತ್ತದೆ. ಅದನ್ನು ಯಾರು ಬೇಕಾದರೂ ಓದಬಲ್ಲರು. ನಾನು ಕೇಳುತ್ತಿರುವುದು ಮುಖದ ಬಗ್ಗೆ. ನಿಮ್ಮನ್ನು ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋದ, ಮೀನಿನ ಮುಳ್ಳು ಬಿಡಿಸಿ ನಿಮ್ಮ ಅನ್ನದ ಮೇಲೆ ಇಟ್ಟ, ತಪ್ಪು ಮಾಡಿದಾಗ ಬಾಗಿಲಲ್ಲೇ ತಡೆದು ನಿಲ್ಲಿಸಿದ ಆ ಮುಖವೇ ಅಲ್ಲಿತ್ತೇ?

ಕಳೆದ ವಸಂತದಲ್ಲಿ ನಮ್ಮೂರಿನ ಕುರ್ಯೆ ದೊಡ್ಡಮ್ಮ ತೀರಿಕೊಂಡರು. ಮದುವೆಯಾಗಿ ಬಂದ ಹೆಂಗಸನ್ನು ತವರೂರಿನ ಹೆಸರಿನಿಂದ ಕರೆಯುವುದು ನಮ್ಮ ಚೊಲ್ಲಾ ಸೀಮೆಯ ರೂಢಿ. ಕುರ್ಯೆಯಿಂದ ಬಂದವರು ಸಾಯುವವರೆಗೂ ಕುರ್ಯೆಯವರೇ. ಅವರ ಮೂಗಿನ ಪಕ್ಕ ಒಂದು ದೊಡ್ಡ ಮಚ್ಚೆಯಿತ್ತು. ಹಣೆಯ ಗೆರೆಗಳನ್ನು ನೋಡಿ ನಾಳೆಯ ಮಳೆಯನ್ನು ಹೇಳಬಹುದೆಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ಶವಸಂಸ್ಕಾರದ ಕೋಣೆಯಲ್ಲಿ ಇಟ್ಟಿದ್ದ ಚಿತ್ರದಲ್ಲಿ ಮಚ್ಚೆಯಿರಲಿಲ್ಲ, ಗೆರೆಯಿರಲಿಲ್ಲ. ಸುಲಿದ ಮೊಟ್ಟೆಯಂಥ ಒಂದು ಮುಖ ನಮ್ಮ ನಾಡಿನ ಹಬ್ಬದುಡುಗೆಯಾದ ಹನ್‌ಬೊಕ್‌ನ ಹಸಿರು ರವಿಕೆಯ ಮೇಲೆ ಕುಳಿತಿತ್ತು. ಅವರ ಮಡಿಲಲ್ಲೇ ಬೆಳೆದ ಮೊಮ್ಮಗಳು ಅಮ್ಮನ ಲಂಗ ಎಳೆದು, "ಈ ಅಜ್ಜಿ ಯಾರು?" ಎಂದಳು. ದೊಡ್ಡವರೆಲ್ಲ ಸೇರಿ ಆ ಮಗುವಿನ ಬಾಯಿ ಮುಚ್ಚಿಸಿದರು. ನಿಜ ಹೇಳಿದವಳನ್ನು ಸುಮ್ಮನಾಗಿಸಿ, ಸುಳ್ಳಿನ ಮುಂದೆ ಅಡ್ಡಬಿದ್ದೆವು.

ನಾನು ಬದುಕಿನುದ್ದಕ್ಕೂ ಮಾಧ್ಯಮಿಕ ಶಾಲೆಯಲ್ಲಿ ನೀತಿಪಾಠ ಹೇಳಿದವನು. ಊರಿನವರು ಇಂದಿಗೂ ನನ್ನನ್ನು ತಾಕ್ ಮೇಷ್ಟ್ರು ಎನ್ನುತ್ತಾರೆ. ಸುಳ್ಳು ಕಂಡಾಗ ಸುಮ್ಮನಿರುವ ವಿದ್ಯೆ ನನಗೆ ಒಲಿಯಲಿಲ್ಲ. ಆದರೂ ಈ ಸಲ ಮೊದಲು ಮಾತೆತ್ತಿದವನು ನಾನಲ್ಲ, ನಮ್ಮೂರಿನ ನೋಕ್‌ದೊಂಗ್ ದೊಡ್ಡಮ್ಮ.

ಆ ಹಸಿರು ರವಿಕೆಯ ಕಥೆಯನ್ನು ಹೇಳಿಬಿಡುತ್ತೇನೆ. ಅದರ ಹಿಂದಿನ ಶರತ್ಕಾಲದಲ್ಲಿ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ಒಂದು ಸಂಸ್ಥೆಯವರು, ಊರಿನ ವಯಸ್ಸಾದವರು ಸೇರಿ ಹಗಲು ಕಳೆಯುವ ನಮ್ಮ ಹಿರಿಯರ ಕೊಠಡಿಗೆ ಬಂದು, ಎಲ್ಲರಿಗೂ ಪುಕ್ಕಟೆಯಾಗಿ 'ದೀರ್ಘಾಯುಷ್ಯದ ಚಿತ್ರ' ತೆಗೆದುಕೊಡುತ್ತೇವೆಂದರು. ಬದುಕಿರುವಾಗಲೇ ತೆಗೆಸಿಟ್ಟರೆ ಆಯುಷ್ಯ ಹೆಚ್ಚುತ್ತದೆಂದು ನಾವು ನಂಬುತ್ತೇವೆ. ಅವರ ಬಳಿ ಇದ್ದದ್ದು ಒಂದೇ ರವಿಕೆ. ದಪ್ಪಗಿದ್ದವರಿಗೆ ಅದರ ಬೆನ್ನಿನ ಹೊಲಿಗೆ ಬಿಚ್ಚಿಟ್ಟರು, ಸಣ್ಣಗಿದ್ದವರಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರು. ಸಾಲಿನಲ್ಲಿ ಕೂರಿಸಿ, ಬೆಳಕು ಮಿಂಚಿಸಿ, "ಮುಂದಿನವರು" ಎಂದರು.

ನೋಕ್‌ದೊಂಗ್ ದೊಡ್ಡಮ್ಮನ ಸರದಿ ಬಂದಾಗ ತೊಡಕಾಯಿತು. ಅವರ ತಲೆ ಬಹಳ ವರ್ಷಗಳಿಂದ ಎಡಕ್ಕೂ ಬಲಕ್ಕೂ ಸಣ್ಣಗೆ ಅಲುಗುತ್ತದೆ. ಔಷಧಿ ಅದನ್ನು ತಗ್ಗಿಸಿದೆಯೇ ಹೊರತು ನಿಲ್ಲಿಸಿಲ್ಲ. ಗೊತ್ತಿಲ್ಲದವರು ನೋಡಿದರೆ ಹೇಳಿದ್ದಕ್ಕೆಲ್ಲ 'ಬೇಡ, ಬೇಡ' ಎನ್ನುತ್ತಿದ್ದಾರೆ ಎಂದುಕೊಳ್ಳಬೇಕು. ಛಾಯಾಗ್ರಾಹಕ ಏನು ಮಾಡಿದನೆಂದು ಬಲ್ಲಿರಾ? ಇಬ್ಬರು ಹುಡುಗರನ್ನು ಹಿಂದೆ ನಿಲ್ಲಿಸಿ, ಕುರಿಯ ಕಿವಿ ಹಿಡಿದಂತೆ ಅವರ ತಲೆಯನ್ನು ಹಿಡಿಸಿದ. ಬಂದ ಚಿತ್ರದಲ್ಲಿ ಕಣ್ಣುಗಳು ಹೆದರಿದ್ದವು. ಹುಡುಗರ ಬೆರಳುಗಳನ್ನು ಅಳಿಸುವಾಗ ಕಿವಿಗಳೂ ಅರ್ಧ ಅಳಿಸಿಹೋಗಿದ್ದವು. ದೊಡ್ಡಮ್ಮ ಅದನ್ನು ಮನೆಗೆ ಒಯ್ದು ಒಣಮೆಣಸಿನ ಬುಟ್ಟಿಗೆ ಮುಚ್ಚಳ ಮಾಡಿದರು.

ಕುರ್ಯೆ ದೊಡ್ಡಮ್ಮನನ್ನು ಮಣ್ಣು ಮಾಡಿ ಬಂದ ಮರುದಿನ ನೋಕ್‌ದೊಂಗ್ ದೊಡ್ಡಮ್ಮ ಹಿರಿಯರ ಕೊಠಡಿಯ ಜಗಲಿಯಲ್ಲಿ ಬೆಳ್ಳುಳ್ಳಿ ಹೆಣೆಯುತ್ತ ಕುಳಿತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಮೇಷ್ಟ್ರೇ, ಬೇಸಿಗೇಲಿ ಅಧಿಕ ಮಾಸ ಬರುತ್ತಂತಲ್ಲ."

"ಹೌದು ದೊಡ್ಡಮ್ಮ, ಆರನೇ ತಿಂಗಳು ಎರಡು ಸಲ ಬರುತ್ತೆ."

"ಅದು ಮುಗಿಯೋದ್ರೊಳಗೆ ನಂಗೆ ನನ್ನ ಮುಖ ಬೇಕು."

ನಮ್ಮಲ್ಲಿ ಅಧಿಕ ಮಾಸವೆಂದರೆ ದೆವ್ವ ದೇವರುಗಳಿಗೆ ರಜೆ. ಸಾವಿನ ಬಟ್ಟೆ ಹೊಲಿಸುವುದು, ಸಮಾಧಿ ಸರಿಪಡಿಸುವುದು, ಅಂತಿಮ ಚಿತ್ರ ತೆಗೆಸುವುದು, ಇವನ್ನೆಲ್ಲ ಆ ತಿಂಗಳಲ್ಲಿ ಮಾಡಿದರೆ ಯಾವ ಕೆಟ್ಟ ಕಣ್ಣೂ ಬೀಳುವುದಿಲ್ಲ. ಅದು ತಪ್ಪಿದರೆ ಮತ್ತೆ ಕೆಲವು ವರ್ಷ ಕಾಯಬೇಕು. ಅವರ ವಯಸ್ಸಿಗೆ 'ಕೆಲವು ವರ್ಷ' ಎಂಬುದು ಸುಲಭವಾಗಿ ಆಡುವ ಮಾತಲ್ಲ.

"ಬಟ್ಟೆ ಹೊಲಿಸಿಟ್ಟಿದೀನಿ. ಒಳ್ಳೇ ಸೆಣಬಿಂದು," ಎಂದರು ದೊಡ್ಡಮ್ಮ. "ಆದ್ರೆ ನಾನು ಸತ್ತ ದಿನ ನನ್ನ ಮರಿಮಕ್ಕಳು 'ಇವಳ್ಯಾರು' ಅಂತ ಕೇಳ್ಬಾರ್ದು. ಮಣ್ಣಲ್ಲಿ ಮಲಗಿದ್ರೂ ಎದ್ದು ಬಂದುಬಿಡ್ತೀನಿ."

ಪಕ್ಕದಲ್ಲಿದ್ದ ಹಾಡೊಂಗ್ ದೊಡ್ಡಮ್ಮ, ಇವರ ಜೀವದ ಗೆಳತಿ ಮತ್ತು ಇಸ್ಪೀಟಿನ ಶತ್ರು, ತಲೆಯೆತ್ತದೆ ಹೇಳಿದರು: "ಎದ್ದು ಬಂದ್ರೆ ಒಳ್ಳೇದೇ ಅಕ್ಕಾ. ಆವಾಗ ಚಿತ್ರಾನೇ ಬೇಕಾಗಲ್ಲ."

"ನೀನು ಸುಮ್ನೆ ಬೆಳ್ಳುಳ್ಳಿ ಹೆಣಿ."

ತಲೆ ಹಿಡಿಯದೆ, ಮುಖ ಒರೆಸದೆ, ಅಲುಗುವ ಮನುಷ್ಯರ ನಿಶ್ಚಲ ಚಿತ್ರವೊಂದನ್ನು ಪಡೆಯುವುದು ಹೇಗೆ? ನನಗೆ ತೋರಿದ ದಾರಿ ಒಂದೇ: ಚಿತ್ರ ತೆಗೆಯುವ ಕ್ಷಣವನ್ನು ಮೊದಲೇ ಆರಿಸಬಾರದು. ಎಲ್ಲ ಕ್ಷಣಗಳನ್ನೂ ವಿಡಿಯೊದಲ್ಲಿ ಹಿಡಿದು, ಬಳಿಕ ಅವುಗಳಿಂದ ಒಂದನ್ನು ಬಿಡಿಸಿ ತೆಗೆಯಬೇಕು.

ಅಧಿಕ ಮಾಸ ಹುಟ್ಟಿದ ವಾರವೇ ಸುಂಚೊನ್ ಪಟ್ಟಣದ ಮದುವೆ ಮಂಟಪವೊಂದರಲ್ಲಿ ವಿಡಿಯೊ ತೆಗೆಯುವ ನನ್ನ ಷಡ್ಡಕನಿಂದ ಅವನ ಕ್ಯಾಮರಾವನ್ನು ಎರವಲು ತಂದೆ. ದೊಡ್ಡಮ್ಮ ಜಗಲಿಯಲ್ಲಿ ಕಲ್ಲಂಗಡಿ ತಿನ್ನುವುದನ್ನು ಚಿತ್ರಿಸಿ ಟಿವಿಯಲ್ಲಿ ಹಾಕಿದಾಗ ಇಡೀ ಕೊಠಡಿ ಚಪ್ಪಾಳೆ ತಟ್ಟಿತು. ಎಷ್ಟು ನಯ, ಎಷ್ಟು ಚಂದ! ಆಮೇಲೆ ನಾನು ವಿಡಿಯೊವನ್ನು ನಿಲ್ಲಿಸಿದೆ. ಪರದೆಯ ಮೇಲೆ ಹಿಟ್ಟು ಕಲಸಿದಂಥ ಒಂದು ಬಿಳಿ ಮುದ್ದೆ ಇತ್ತು. ಅದರ ಅಂಚುಗಳಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು. ಮುಂದಿನ ಚಿತ್ರಕ್ಕೆ ಹೋದೆ, ಅದರ ಮುಂದಿನದಕ್ಕೆ ಹೋದೆ. ಎಲ್ಲವೂ ಮುದ್ದೆಯೇ.

"ಹಾಡೊಂಗ್, ಕಲ್ಲಂಗಡಿ ನೋಡೇ, ಎಷ್ಟು ಸ್ಪಷ್ಟವಾಗಿದೆ," ಎಂದರು ನೋಕ್‌ದೊಂಗ್ ದೊಡ್ಡಮ್ಮ. "ಬೀಜಾನೂ ಎಣಿಸ್ಬೋದು. ಅದನ್ನೇ ಹೂವಿನ ಮಧ್ಯೆ ಇಡಿ ಮೇಷ್ಟ್ರೇ. ಜನ ಅದಕ್ಕೇ ಅಡ್ಡಬೀಳ್ಲಿ."

ಅವರು ನಕ್ಕರು. ಆದರೆ ನಗು ಮುಗಿದ ಮೇಲೆ ಟಿವಿಯನ್ನೇ ನೋಡುತ್ತ ಕುಳಿತದ್ದನ್ನು ನಾನು ಕಂಡೆ. ಓಡುವಾಗ ಸುಂದರವಾಗಿದ್ದು, ನಿಲ್ಲಿಸಿ ಕೇಳಿದರೆ ಉತ್ತರವಿಲ್ಲದ ವಸ್ತುವಿನ ಮೇಲೆ ನನಗೆ ಸಿಟ್ಟು ಬಂತು. ಹಾಗಾದರೆ ನಿಲ್ಲಿಸಿದಾಗಲೂ ನಿಜ ಹೇಳುವ ಕ್ಯಾಮರಾ ಯಾವುದು? ಹಿರಿಯರ ಕೊಠಡಿಯ ಸಭೆ ಕರೆದು, ಒಂದನ್ನು ಊರಿಗೇ ಕೊಳ್ಳೋಣವೆಂದೆ. ಎಲ್ಲರಿಗೂ ಒಂದು ದಿನ ಬೇಕಾಗುವ ವಸ್ತು, ಯಾರೂ ಬೇಡವೆನ್ನಲಿಲ್ಲ. ನೋಕ್‌ದೊಂಗ್ ದೊಡ್ಡಮ್ಮನ ತಲೆ ಎಂದಿನಂತೆ 'ಬೇಡ, ಬೇಡ' ಎಂದಿತು. ಬಾಯಿ ಮಾತ್ರ, "ನಾನೂ ಅಂಗಡಿಗೆ ಬರ್ತೀನಿ," ಎಂದಿತು.

"ಅಷ್ಟು ದೂರ ಬಸ್ಸಲ್ಲಿ ಯಾಕೆ ದೊಡ್ಡಮ್ಮ?"

"ಚಪ್ಪಲಿ ತಗೊಳ್ಳೋಕೆ ಕಾಲು ಮನೇಲಿ ಬಿಟ್ಟು ಹೋಗ್ತೀರಾ?"

ಗ್ವಾಂಜು ನಗರದ ಹಳೆಯ ಪೇಟೆಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ಒಂದು ಕ್ಯಾಮರಾ ಅಂಗಡಿ. ಒಡತಿ ಪ್ಯೋ ಯಂಗ್‌ರಾನ್. ಐವತ್ತು ದಾಟಿದ, ಧ್ವನಿ ದೊಡ್ಡದಾದ, ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ ಹೆಂಗಸು. ನಾನು ವಿಷಯವನ್ನು ಕ್ರಮವಾಗಿ ವಿವರಿಸತೊಡಗಿದೆ. ಆಕೆ ನನ್ನನ್ನು ಬಿಟ್ಟು ದೊಡ್ಡಮ್ಮನನ್ನೇ ನೋಡುತ್ತಿದ್ದಳು.

"ಅಮ್ಮಾ, ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಬಾರ್ಲಿ ನೀರು ಕುಡೀತೀರಾ? ತಣ್ಣಗಿದೆ. ಮೇಷ್ಟ್ರೇ, ನೀವು ಹೇಳಿದ್ದು ಅರ್ಥ ಆಯ್ತು, ಉಪನ್ಯಾಸ ಆಮೇಲೆ ಮುಂದುವರಿಸಿ."

ಮೊದಲು ಆಕೆ ಎತ್ತಿಕೊಂಡದ್ದು ಸ್ಥಿರಚಿತ್ರದ ಕ್ಯಾಮರಾವನ್ನೇ. ಅದು ಮೆಷಿನ್ ಗನ್ನಿನಂತೆ ಟಪಟಪ ಹೊಡೆಯಿತು. ಪ್ರತಿ ಟಪ್ಪಿಗೂ ದೊಡ್ಡಮ್ಮ ಕಣ್ಣು ಮುಚ್ಚಿದರು.

"ನಾನು ಗುಡುಗಿಗೂ ಮುಚ್ತೀನಮ್ಮ," ಎಂದರು.

"ಸದ್ದಿಲ್ಲದ್ದೂ ಇದೆ. ಆದ್ರೆ ಕ್ಷಣಕ್ಕಿಷ್ಟು ಅಂತ ಹೊಡೆದು ಅದು ಸುಸ್ತಾಗಿ ನಿಂತ್ಕೊಳ್ಳುತ್ತೆ. ಯಾವಾಗ ಒತ್ತಬೇಕು ಅಂತ ಮೇಷ್ಟ್ರ ಬೆರಳಿಗೆ ಗೊತ್ತಿರ್ಬೇಕು. ನಿಮ್ಮ ತಲೆ ಅವರ ಬೆರಳಿಗೆ ಹೇಳಿ ನಿಲ್ಲುತ್ತಾ?"

"ಅದು ನಂಗೇ ಹೇಳಲ್ಲ."

"ಹಂಗಾದ್ರೆ ವಿಡಿಯೊನೇ ಸರಿ," ಎಂದು ಆಕೆ ಮೂರು ಕ್ಯಾಮರಾಗಳನ್ನು ಮೇಜಿನ ಮೇಲಿಟ್ಟಳು.

ಒಂದು, ಅಂಗೈಯಲ್ಲಿ ಹಿಡಿಸುವಂಥದ್ದು. ಬೆಟ್ಟದಾಚೆಯ ಹಕ್ಕಿಯನ್ನೂ ಹತ್ತಿರ ಎಳೆಯುವ ಝೂಮ್ ಅದರ ಹೆಮ್ಮೆ. ಆಕೆ ಶಟರಿನ ವೇಗ ಹೆಚ್ಚಿಸಿ ದೊಡ್ಡಮ್ಮನನ್ನು ಚಿತ್ರಿಸಿದಳು. ಮದುವೆಯ ಕ್ಯಾಮರಾ ಪ್ರತಿ ಚಿತ್ರಕ್ಕೂ ಶಟರನ್ನು ಬಹಳ ಹೊತ್ತು ತೆರೆದಿಡುತ್ತದೆ, ಅದಕ್ಕೇ ಅಲುಗಿದ್ದೆಲ್ಲ ಮುದ್ದೆಯಾಗುತ್ತದೆ ಎಂದು ವಿವರಿಸಿದಳು. ವೇಗ ಹೆಚ್ಚಿಸಿದ್ದರಿಂದ ಮುದ್ದೆಯೇನೋ ಹೋಯಿತು. ಆದರೆ ಮುಖ ಕುರ್ಯೆ ದೊಡ್ಡಮ್ಮನ ಚಿತ್ರದಂತೆ ನುಣ್ಣಗಾಗಿತ್ತು.

"ವೇಗ ಹೆಚ್ಚಿಸಿದ್ರೆ ಬೆಳಕು ಕಮ್ಮಿ ಆಗುತ್ತೆ. ಇದರ ಕಣ್ಣು ಚಿಕ್ಕದು, ಕತ್ತಲಲ್ಲಿ ಮರಳು ಚೆಲ್ಲಿದ ಹಾಗೆ ಕಾಣುತ್ತೆ. ಆ ಮರಳು ಒರೆಸ್ತಾ ಒರೆಸ್ತಾ ಸುಕ್ಕೂ ಒರೆಸ್ಬಿಡುತ್ತೆ."

"ಆ ಕಂಪನಿಯವರ ತಮ್ಮ ಇದು," ಎಂದರು ದೊಡ್ಡಮ್ಮ. "ಒಳಗಿಡು."

ಎರಡನೆಯದು ಹೊಚ್ಚ ಹೊಸದು. ನಾನು ಮನೆಯಲ್ಲಿ ಓದಿ ಗುರುತು ಹಾಕಿಕೊಂಡು ಬಂದಿದ್ದೂ ಅದನ್ನೇ. ಚಿತ್ರವನ್ನು ಕಟ್ಟುವ ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳು, ಅತಿ ಹೆಚ್ಚಿರುವುದು ಅದರಲ್ಲೇ. ಅದರ ಚಿತ್ರ ನಿಲ್ಲಿಸಿದಾಗ ಹಿಂದಿನ ಕಪಾಟು ನೆಟ್ಟಗಿತ್ತು. ದೊಡ್ಡಮ್ಮನ ಹಣೆ ಒಂದು ಕಡೆ, ಗಲ್ಲ ಇನ್ನೊಂದು ಕಡೆ ಜಾರಿದಂತಿತ್ತು.

"ಇದು ಮೇಲಿಂದ ಕೆಳಗೆ ಸಾಲು ಸಾಲಾಗಿ ನಿಧಾನಕ್ಕೆ ಓದುತ್ತೆ," ಎಂದಳು ಪ್ಯೋ. "ಹಣೆ ಓದಿ ಗಲ್ಲಕ್ಕೆ ಬರೋಷ್ಟರಲ್ಲಿ ಅಮ್ಮನ ತಲೆ ಜಾಗ ಬದಲಾಯಿಸಿರುತ್ತೆ."

"ಆದರೂ ಹೆಚ್ಚು ಚುಕ್ಕಿ ಎಂದರೆ ಹೆಚ್ಚು ಸ್ಪಷ್ಟತೆಯಲ್ಲವೇ?" ಎಂದು ನಾನು ಪಟ್ಟು ಹಿಡಿದೆ.

"ಓರೆ ಮುಖ ಇನ್ನೂ ಸ್ಪಷ್ಟವಾಗಿ ಓರೆ ಕಾಣುತ್ತೆ ಮೇಷ್ಟ್ರೇ. ಇದನ್ನ ಮಾರಿದ್ರೆ ನಂಗೆ ಹಬ್ಬ. ಆದ್ರೆ ನಾನು ಮಾರಲ್ಲ."

ಮೂರನೆಯದು ಯಾರೋ ಬಳಸಿ ಬಿಟ್ಟ, ಅಂಚಿನ ಬಣ್ಣ ಹೋದ, ಇಟ್ಟಿಗೆಯಷ್ಟು ಭಾರದ್ದು. ಹೊಸದರ ಅರ್ಧದಷ್ಟೂ ಚುಕ್ಕಿಗಳಿಲ್ಲ. ಆದರೆ ಅದರ ಕಣ್ಣು ದೊಡ್ಡದು, ಓದುವ ವೇಗ ಹೆಚ್ಚು. ಇನ್ನೊಂದು ಗುಣ ಕೇಳಿದ ಮೇಲೆ ನನಗೆ ಬೇರೆ ವಾದ ಉಳಿಯಲಿಲ್ಲ. ಬಹುಪಾಲು ಕ್ಯಾಮರಾಗಳು ಒಂದು ಚಿತ್ರವನ್ನು ಪೂರ್ತಿ ಬರೆದಿಟ್ಟು, ಮುಂದಿನ ಹಲವು ಚಿತ್ರಗಳಲ್ಲಿ ಬದಲಾದ ಭಾಗವನ್ನಷ್ಟೇ ಗುರುತು ಮಾಡಿಕೊಳ್ಳುತ್ತವಂತೆ; ಉಳಿದದ್ದು ಊಹೆ. ಈ ಹಳೆಯ ಯಂತ್ರದಲ್ಲಿ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವ ಏರ್ಪಾಡಿತ್ತು. ಮೆಮರಿ ಕಾರ್ಡು ಬೇಗ ತುಂಬುತ್ತದೆ, ಅಷ್ಟೇ. ಪ್ರತಿ ಕ್ಷಣವೂ ಇಡಿಯಾಗಿ ಬರೆಯಲು ತಕ್ಕದ್ದು ಎಂದು ನಂಬಿದ ಯಂತ್ರ! ಇಂಥ ನಂಬಿಕೆಯನ್ನು ನಾನು ಮನುಷ್ಯರಲ್ಲೂ ಹೆಚ್ಚು ಕಂಡಿಲ್ಲ.

ಪ್ಯೋ ಅದನ್ನು ಟ್ರೈಪಾಡಿಗೆ ಏರಿಸಿ, ಅಡ್ಡ ಮಲಗಿಸಿ ತಿರುಗಿಸಿದಳು.

"ಬೀಳುತ್ತೆ, ಬೀಳುತ್ತೆ," ಎಂದೆ.

"ಬೀಳಲ್ಲ. ಅಂತಿಮ ಚಿತ್ರ ಉದ್ದಕ್ಕೆ ನಿಂತಿರುತ್ತಾ, ಅಗಲಕ್ಕೆ ಮಲಗಿರುತ್ತಾ? ಕ್ಯಾಮರಾನ ನೆಟ್ಟಗೆ ಇಟ್ರೆ ಎಡಬಲದಲ್ಲಿ ಬರೀ ಗೋಡೆ. ತಿರುಗಿಸಿದ್ರೆ ಇಡೀ ಜಾಗ ಅಮ್ಮನಿಗೇ."

ಆಮೇಲೆ ಆಕೆ ಚಿತ್ರಗಳನ್ನು ಒಂದೊಂದಾಗಿ ಮುಂದೆ ಸರಿಸಿದಳು. ನಾವು ಕತ್ತು ಚಾಚಿ ನೋಡಿದೆವು. ಮುಖ ಎಡಕ್ಕೆ ಸಾಗಿತು, ಇನ್ನಷ್ಟು ಸಾಗಿತು. ಅಲ್ಲಿ ಒಂದು ಚಿತ್ರದಲ್ಲಿ ಮುಖ ನಿಂತಿತ್ತು. ಅದರ ಮುಂದಿನದರಲ್ಲಿ ಬಲಕ್ಕೆ ಹೊರಟಿತ್ತು.

"ನೋಡಿ. ಉಯ್ಯಾಲೆ ತುದಿ ಮುಟ್ಟಿ ತಿರುಗೋ ಮುಂಚೆ ನಿಲ್ಲುತ್ತಲ್ಲ, ಹಂಗೆ. ನಿಮ್ಮ ತಲೆ ನಿಲ್ಲಲ್ಲ ಅಂತ ಯಾರು ಹೇಳಿದ್ದು ಅಮ್ಮಾ? ಪ್ರತಿ ಸಲವೂ ನಿಲ್ಲುತ್ತೆ. ನೋಡೋಕೆ ನಮ್ಮ ಕಣ್ಣಿಗೆ ಪುರುಸೊತ್ತಿಲ್ಲ."

ದೊಡ್ಡಮ್ಮ ಪರದೆಯ ಹತ್ತಿರಕ್ಕೆ ಬಂದರು. ಎಡತುದಿಯಲ್ಲಿ ನಿಂತ ತಮ್ಮ ಮುಖವನ್ನು ಬೆರಳಿನಿಂದ ಮುಟ್ಟಿದರು. ಕಣ್ಣಿನ ಕೆಳಗಿನ ಸುಕ್ಕುಗಳು, ತುಟಿಯ ಮೇಲಿನ ನರೆಗೂದಲು, ಎರಡೂ ಕಿವಿ, ಎಲ್ಲ ಇದ್ದವು.

"ಅಯ್ಯೋ," ಎಂದರು ಮೆಲ್ಲಗೆ. "ಇಷ್ಟು ವರ್ಷ ಇವಳು ಎಲ್ಲಿದ್ಲು?"

ನಾನು ಪ್ಯೋಳನ್ನು, ಲಾಭದ ಸರಕನ್ನು ಬಿಟ್ಟು ಈ ಹಳೆಯದನ್ನೇಕೆ ಕೊಟ್ಟೆಯೆಂದು ಕೇಳಿದೆ. ಆಕೆ ಕ್ಯಾಮರಾವನ್ನು ಬಟ್ಟೆಯಲ್ಲಿ ಸುತ್ತುತ್ತ ಹೇಳಿದಳು: "ನಾನು ಮದುವೆ ವಿಡಿಯೊ ತೆಗೀತಿದ್ದೆ. ನಮ್ಮಮ್ಮ ತಟ್ಟಂತ ಹೋದ್ರು. ಚಿತ್ರ ಇರ್ಲಿಲ್ಲ. ನಾನೇ ತೆಗೆದ ವಿಡಿಯೊದಿಂದ ಒಂದು ಬಿಡಿಸ್ದೆ. ಅದರಲ್ಲಿ ಅಮ್ಮನಿಗೆ ಎರಡು ಮೂಗು." ಒಂದು ಗಂಟು ಹಾಕಿದಳು. "ಎಲ್ರೂ ಬಂದು ಆ ಎರಡು ಮೂಗಿಗೆ ನಮಸ್ಕಾರ ಮಾಡಿ ಹೋದ್ರು."

ಆ ಹೆಂಗಸಿಗೆ ನಾನು ಅಂಗಡಿಯ ನಡುವೆಯೇ ಸೊಂಟ ಬಗ್ಗಿಸಿ ವಂದಿಸಿದೆ. ಇಂದಿಗೂ ಮನಸ್ಸಿನಲ್ಲಿ ವಂದಿಸುತ್ತೇನೆ.

ಅಧಿಕ ಮಾಸ ಮುಗಿಯುತ್ತ ಬಂದಿತ್ತು. ಕೊಠಡಿಯ ಕಿಟಕಿ ಬಾಗಿಲುಗಳನ್ನೆಲ್ಲ ಬೆಳಕಿಗಾಗಿ ತೆರೆಸಿದೆ. ಎಸಿ ಆರಿಸಿದ್ದಕ್ಕೆ ಹೆಂಗಸರು ನನ್ನ ಮನೆತನವನ್ನೆಲ್ಲ ಬೈದರು. ನೆಲದ ಮೇಲೆ ಕಂಬಳಿ ಹಾಸಿ ಎಂದಿನಂತೆ ಹ್ವಾತು ಆಟ ಶುರುವಾಯಿತು. ಹೂವಿನ ಚಿತ್ರವಿರುವ ಆ ಪುಟ್ಟ ದಪ್ಪ ಎಲೆಗಳನ್ನು ಕಂಬಳಿಗೆ ಬಡಿದು ಆಡುವ ಆಟ. ಕ್ಯಾಮರಾ ಮೂಲೆಯಲ್ಲಿ ಅಡ್ಡ ಮಲಗಿ ನೋಡುತ್ತಿತ್ತು. ನನ್ನ ಗುರಿ ಖಚಿತವಾಗಿತ್ತು. ಸಂಸ್ಥೆಯವರ ಚಿತ್ರಗಳಲ್ಲಿ ಯಾರೂ ನಗುತ್ತಿರಲಿಲ್ಲ. ನಾನು ದೊಡ್ಡಮ್ಮನ ನಗುವನ್ನು ಹಿಡಿಯುತ್ತೇನೆ, ಅವರ ಮಕ್ಕಳು ಆ ನಗುವಿಗೆ ನಮಸ್ಕರಿಸುವರು.

ಅವರು ನಕ್ಕರು, ಹೊಟ್ಟೆ ಹಿಡಿದು ನಕ್ಕರು. ಸಂಜೆ ಮಗನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ಪ್ರತಿಯೊಂದು ನಗುವಿನ ಮುಂದೆಯೂ ಒಂದು ಕೈ. ಬಾಯಿ ತೆರೆಯುವ ಮೊದಲೇ ಅಂಗೈ ಮೇಲೇರುತ್ತದೆ. ಕೈ ಖಾಲಿಯಿಲ್ಲದಿದ್ದರೆ ಇಸ್ಪೀಟಿನ ಎಲೆಗಳೇ ಬೀಸಣಿಗೆಯಾಗಿ ಬಾಯಿ ಮುಚ್ಚುತ್ತವೆ. ನಗುವಾಗ ಹಲ್ಲು ಕಾಣಿಸಬಾರದೆಂದು ಆ ಕಾಲದ ಹೆಣ್ಣುಮಕ್ಕಳಿಗೆ ಕಲಿಸಿದವರು ಯಾರು? ಶಾಲೆಯೂ ಕಲಿಸಿತು, ಮನೆಯೂ ಕಲಿಸಿತು. ಆ ಪಾಠ ಎಷ್ಟು ಚೆನ್ನಾಗಿ ನಾಟಿದೆಯೆಂದರೆ, ಜಗತ್ತಿನ ಯಾವ ವೇಗದ ಶಟರೂ ಆ ಕೈಗಿಂತ ಮೊದಲು ತಲುಪಲಾರದು.

ಮರುದಿನ ಮತ್ತೆ ಚಿತ್ರಿಸಿದೆ. "ದೊಡ್ಡಮ್ಮ, ನಗುವಾಗ ಕೈ ಕೆಳಗಿರಲಿ," ಎಂದು ಬೇಡಿಕೊಂಡೆ.

"ಯಾವ ಕೈ?" ಎಂದರು ಅವರು. ಅವರಿಗೆ ಅದರ ಅರಿವೇ ಇರಲಿಲ್ಲ. ನೆನಪಿಟ್ಟುಕೊಂಡು ಕೈ ಇಳಿಸಿದಾಗ ನಗುವೂ ಇಳಿದುಹೋಯಿತು.

"ಕೈ ಕಟ್ಟಿಹಾಕಿ ಮೇಷ್ಟ್ರೇ," ಎಂದರು ಹಾಡೊಂಗ್ ದೊಡ್ಡಮ್ಮ. "ಆಟದಲ್ಲಿ ನಂಗೂ ಅನುಕೂಲ."

ಮಾಸದ ಕೊನೆಯ ದಿನ ಸೋತವನಾಗಿ ದೊಡ್ಡಮ್ಮನನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಗೆಳತಿಯೂ ಜೊತೆಗೆ ಬಂದರು. ಬಾಯಿ ಮುಚ್ಚಿ ಮುಗುಳ್ನಗುವ ಒಂದು ಸೌಮ್ಯ ಚಿತ್ರವನ್ನು ಹುಡುಕಿಟ್ಟಿದ್ದೆ. ತಲೆ ನಿಂತ ಗಳಿಗೆಯೇ ಅದು. ಯಾವ ದೋಷವೂ ಇರಲಿಲ್ಲ.

"ಚೆನ್ನಾಗಿದೆ," ಎಂದರು ದೊಡ್ಡಮ್ಮ. "ಬ್ಯಾಂಕಿನ ಹುಡುಗಿ ಥರ. ಮುಂದಕ್ಕೆ ಹೋಗಿ."

ನಾನು ಸರಿಸಿದೆ. ಕಂಬಳಿಯ ಆಚೆ ಬದಿಯಲ್ಲಿ ಹಾಡೊಂಗ್ ದೊಡ್ಡಮ್ಮನ ಕೈ ಚಿತ್ರದ ಅಂಚಿಗೆ ಬಂತು. ಅಂಗೈಯೊಳಗೆ ಒಂದು ಎಲೆ ಅಡಗಿ ಕುಳಿತಿತ್ತು. ಎಲೆಯ ಮೇಲಿನ ಚಂದ್ರನೂ ಸ್ಪಷ್ಟ.

"ಮೇಷ್ಟ್ರೇ, ಇದನ್ನ ಬೇಗ ದಾಟಿ," ಎಂದರು ಹಾಡೊಂಗ್ ದೊಡ್ಡಮ್ಮ.

"ದಾಟ್ಬೇಡಿ. ನಿಲ್ಸಿ," ಎಂದರು ನೋಕ್‌ದೊಂಗ್ ದೊಡ್ಡಮ್ಮ. "ಕಳ್ಳಿ. ಇಷ್ಟು ವರ್ಷ ಇಲ್ಲ ಇಲ್ಲ ಅಂತಿದ್ಯಲ್ಲೇ. ಈಗೇನಂತೀಯ?"

"ಕ್ಯಾಮರಾ ಅಡ್ಡ ಮಲಗಿತ್ತಲ್ಲಕ್ಕಾ, ಅದಕ್ಕೆ ಹಂಗೆ ಕಾಣುತ್ತೆ."

ಅದರ ಮುಂದಿನ ಚಿತ್ರದಲ್ಲಿ ನೋಕ್‌ದೊಂಗ್ ದೊಡ್ಡಮ್ಮನ ತಲೆ ಬಲತುದಿ ಮುಟ್ಟಿ ನಿಂತಿತ್ತು. ಮೋಸ ಆಗಷ್ಟೇ ಅವರ ಕಣ್ಣಿಗೆ ಬಿದ್ದಿತ್ತು. ಬೈಗುಳ ಇನ್ನೂ ಬಂದಿಲ್ಲ. ತುಟಿ ಬಿಗಿದಿದೆ, ಒಂದು ಹುಬ್ಬು ಮೇಲಕ್ಕೇರಿದೆ, ಕಣ್ಣುಗಳಲ್ಲಿ 'ಬಾ, ನಿನಗೆ ಕಾದಿದೆ' ಎಂಬ ಮಾತು ತುಂಬಿಕೊಂಡಿದೆ. ಆ ಕಣ್ಣಿನ ಮೂಲೆಯಲ್ಲಿ, ಬೈದ ಮೇಲೆ ಊಟಕ್ಕೆ ಕೂರಿಸುವ ಮೃದುತನವೂ ಇತ್ತು. ಕೈ ಎಲ್ಲೂ ಅಡ್ಡ ಬಂದಿರಲಿಲ್ಲ. ಬೈಯುವಾಗ ಬಾಯಿ ಮುಚ್ಚಿಕೊಳ್ಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ನೋಕ್‌ದೊಂಗ್ ದೊಡ್ಡಮ್ಮ ಪರದೆಯತ್ತ ಬಗ್ಗಿದರು. "ಇವಳೇ," ಎಂದರು.

"ದೊಡ್ಡಮ್ಮ, ಇದರಲ್ಲಿ ನೀವು ಸಿಟ್ಟಾಗಿದ್ದೀರಿ. ಅಂತಿಮ ಚಿತ್ರವೆಂದರೆ ಶಾಂತವಾಗಿ ಇರಬೇಕಲ್ಲವೇ?"

"ಶಾಂತವಾಗಿ ನಾನು ಯಾರನ್ನ ಸಾಕಿದೀನಿ ಮೇಷ್ಟ್ರೇ? ಐದು ಮಕ್ಕಳನ್ನ ಈ ಮುಖದಲ್ಲೇ ದಡ ಸೇರಿಸಿದ್ದು. ನೀವು ನಿಮ್ಮ ಕ್ಲಾಸಲ್ಲಿ ಮುಗುಳ್ನಗ್ತಾ ನಿಂತಿದ್ರಾ?"

ನನ್ನ ಶಿಷ್ಯರನ್ನು ಬೇಕಾದರೆ ಕೇಳಿ. ಅಧಿಕ ಮಾಸದ ಕೊನೆಯ ಸೂರ್ಯ ಮುಳುಗುವ ಮೊದಲು ಆ ಚಿತ್ರ, ಒಂದು ಗೆರೆಯನ್ನೂ ಒರೆಸದೆ, ಸುಂಚೊನಿನಲ್ಲಿ ಅಚ್ಚಾಯಿತು. ಅವರು ಅದನ್ನು ಸೆಣಬಿನ ಬಟ್ಟೆಯ ಜೊತೆಗೆ ಕಪಾಟಿನೊಳಗೆ ಇಟ್ಟುಕೊಂಡರು. ಅಂಥ ಚಿತ್ರವನ್ನು ಸಮಯ ಬರುವ ತನಕ ಹೊರಗೆ ತೆಗೆಯುವ ರೂಢಿ ನಮ್ಮಲ್ಲಿಲ್ಲ.

ದೊಡ್ಡಮ್ಮ ತೆಗೆದರು. ಸುಗ್ಗಿಯ ಹುಣ್ಣಿಮೆ ಹಬ್ಬದ ಬೆಳಿಗ್ಗೆ, ನಾನು ಹಬ್ಬದ ಮರಸೇಬು ಕೊಡಲು ಹೋದಾಗ, ಚಿತ್ರವನ್ನು ಬಾಗಿಲಿಗೆ ಎದುರಾಗಿ ಪುಟ್ಟ ಮೇಜಿನ ಮೇಲೆ ನಿಲ್ಲಿಸಿ, ತಾವು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದರು.

"ಹಬ್ಬದ ದಿನ ಇದೇನು ದೊಡ್ಡಮ್ಮ?"

"ಶ್. ಪರೀಕ್ಷೆ. ಪೇಪರ್ ನಾನು ಕೊಡ್ತೀನಿ, ಮಾರ್ಕು ನೀವು ಹಾಕಿ."

ಅವರ ಹಿರಿಯ ಮಗ ಸೋಲ್ ನಗರದಿಂದ ಬಂದಿಳಿದ. ಕೂದಲು ನರೆತ, ಮೊಮ್ಮಗನಿರುವ ಮನುಷ್ಯ. ಹೆಂಡತಿಗೆ ಏನೋ ಹೇಳುತ್ತ, ಬಾಯಲ್ಲಿ ಇನ್ನೂ ಹಚ್ಚದ ಸಿಗರೇಟು ಕಚ್ಚಿಕೊಂಡು, ಬೂಟು ಕಳಚಿ ಒಳಗೆ ಕಾಲಿಟ್ಟ. ಎದುರಿಗೆ ಚಿತ್ರ. ಅವನು ನಿಂತಲ್ಲೇ ನೆಟ್ಟಗಾದ. ಸಿಗರೇಟು ಬಾಯಿಂದ ಮುಷ್ಟಿಗೆ, ಮುಷ್ಟಿಯಿಂದ ಜೇಬಿಗೆ ಹೋಯಿತು. ಆಮೇಲೆ ಆ ಅಜ್ಜನಾದ ಮಗ ಚಿತ್ರಕ್ಕೆ ಹೇಳಿದ:

"ಅಮ್ಮಾ, ಬಿಟ್ಬಿಟ್ಟಿದೀನಿ. ಸುಮ್ನೆ ಕಚ್ಕೊಂಡಿದ್ದೆ."

ಅಡಿಗೆಮನೆಯ ಬಾಗಿಲ ಹಿಂದಿನಿಂದ ನಗು ಕೇಳಿಸಿತು. ಬಾಯಿಗೆ ಕೈ ಅಡ್ಡ ಬಂದಿದ್ದರಿಂದ ಅರ್ಧ ಮಾತ್ರ ಕೇಳಿಸಿತು. ದೊಡ್ಡಮ್ಮ ಹೊರಗೆ ಬಂದರು. ತಲೆ ಅಲುಗುತ್ತಿತ್ತು, ಕಣ್ಣು ಒದ್ದೆಯಾಗಿತ್ತು. ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟು, ನನ್ನ ಎರಡೂ ಕೈ ಹಿಡಿದುಕೊಂಡರು.

"ನಾನು ಅಲ್ಲಿದೀನಿ ಮೇಷ್ಟ್ರೇ. ಚೆನ್ನಾಗಿಯೇ ಇದೀನಿ. ಇನ್ನು ಯಾವಾಗ ಕರೆದ್ರೂ ಹೋಗ್ತೀನಿ. ಅವಸರ ಇಲ್ಲ, ಆದ್ರೆ ಹೋಗ್ತೀನಿ."

ನಾನೂ ಅವರ ಕೈಗಳನ್ನು ಹಣೆಗೆ ಒತ್ತಿಕೊಂಡೆ. ಮೋಸದ ಎಲೆ ಹಿಡಿದ ಹಾಡೊಂಗ್ ದೊಡ್ಡಮ್ಮನಿಗೂ ಅಂದು ಮರಸೇಬಿನ ಬುಟ್ಟಿಯೊಂದನ್ನು ಕಳಿಸಿದೆ. ಅವರ ಕಳ್ಳತನವಿಲ್ಲದೆ ಆ ಮುಖ ನಮಗೆ ದಕ್ಕುತ್ತಿರಲಿಲ್ಲ. ನೀತಿಪಾಠದ ಮೇಷ್ಟ್ರೊಬ್ಬ ಕಳ್ಳತನಕ್ಕೆ ಕೃತಜ್ಞನಾದ ಪ್ರಸಂಗ ಇದೊಂದೇ.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬರು ಹಿರಿಯರಿದ್ದಾರೆ, ಅಥವಾ ಪಕ್ಕದ ಮನೆಯಲ್ಲಿದ್ದಾರೆ. ಒಂದು ಕ್ಯಾಮರಾ ಸಂಪಾದಿಸಿ. ಮನೆಯಲ್ಲಿಲ್ಲದಿದ್ದರೆ ಎರವಲು ತನ್ನಿ. ಓಡುವಾಗ ಎಷ್ಟು ನಯವಾಗಿ ಕಾಣುತ್ತದೆಂದು ನೋಡಿ ಅದನ್ನು ಆರಿಸಬೇಡಿ. ನಿಲ್ಲಿಸಿ ನೋಡಿ ಆರಿಸಿ. ಶಟರಿನ ವೇಗ ಹೆಚ್ಚಿಸಿ, ಕಿಟಕಿಗಳನ್ನು ತೆರೆಯಿರಿ, ಯಂತ್ರವನ್ನು ಉದ್ದಕ್ಕೆ ತಿರುಗಿಸಿ ಮೂಲೆಯಲ್ಲಿಡಿ, ಮತ್ತು ಅವರನ್ನು ಅವರ ಕೆಲಸಕ್ಕೆ, ಆಟಕ್ಕೆ, ಜಗಳಕ್ಕೆ ಬಿಡಿ. ಒಂದು ಸುಕ್ಕನ್ನೂ ಒರೆಸಬೇಡಿ. ಬಳಿಕ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರಗಳನ್ನು ಒಂದೊಂದಾಗಿ ಸರಿಸಿ, ಅವರು "ಇವಳೇ" ಎನ್ನುವವರೆಗೆ ಕಾಯಿರಿ. ದಯವಿಟ್ಟು ಈ ಭಾನುವಾರವೇ ಮಾಡಿ.